ಕೃತಕ ದಂತದ ಸಂಧಿ

೧೯೬೫ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ರೋಗಿಯೊಬ್ಬನ ದವಡೆಯಲ್ಲಿ ಟೈಟೇನಿಯಮ್ ತಿರುಪುಗಳನ್ನು ನೆಟ್ಟು, ಅವುಗಳ ಮೇಲೆ ಕೃತಕ ದಂತಗಳನ್ನು ನಿಲ್ಲಿಸಿದರು. ಎಲುಬು ಈ ಲೋಹಕ್ಕೆ ಅಂಟಿಕೊಂಡೇ ಬೆಳೆಯುವುದು. ಆದರೆ ಬೇರಿನಂತಿರುವ ತಿರುಪು ಒಂದು, ಹಲ್ಲನ್ನು ಹೊರುವ ಕಂಬ ಇನ್ನೊಂದು. ಇವೆರಡೂ ಕೂಡುವ ಸಂಧಿಯಲ್ಲಿಯೇ ತೊಡಕಿರುವುದು.

ಮೊದಲಿನ ಬಗೆಯಲ್ಲಿ ತಿರುಪಿನ ತಲೆಯ ಮೇಲೆ ಗಿಡ್ಡನೆಯ ಷಟ್ಕೋನವಿದ್ದು, ಕಂಬವು ಅದರ ಮೇಲೆ ಟೊಪ್ಪಿಗೆಯಂತೆ ಕೂಡುತ್ತಿತ್ತು. ನಾವು ಅಗಿಯುವಾಗ ಬಲವು ಓರೆಯಾಗಿಯೂ ಬೀಳುವುದಷ್ಟೆ? ಆಗ ಕಂಬವು ಕಣ್ಣಿಗೆ ಕಾಣದಷ್ಟು ವಾಲಿ, ಕೆಲವೇ ಮೈಕ್ರಾನುಗಳ ಬಿರುಕು ತೆರೆದು ಮುಚ್ಚುವುದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನು. ಬ್ಯಾಕ್ಟೀರಿಯದ ಗಾತ್ರವೂ ಸುಮಾರು ಅಷ್ಟೇ, ಅದಕ್ಕಿದು ಹೆಬ್ಬಾಗಿಲು! ಬಿರುಕು ಪಂಪಿನಂತೆ ದ್ರವವನ್ನು ಹೀರಿ ಹೊರದೂಡುವುದು. ಸುತ್ತಣ ವಸಡು ಬಾತು, ಎಲುಬಿನ ಅಂಚು ಕರಗಿ ಕೆಳಗಿಳಿಯುವುದು. ಮೊದಲ ವರ್ಷದಲ್ಲಿ ಸುಮಾರು ೧.೫ ಮಿಲಿಮೀಟರ್ ಇಳಿದರೂ ಸಹಜವೆಂದೇ ದಂತವೈದ್ಯರು ಬಹುಕಾಲ ಎಣಿಸಿದ್ದರು.

ಪರಿಹಾರವು ಬಡಗಿಯ ಬೆಣೆಯ ತತ್ತ್ವದಲ್ಲಿದೆ. ತಿರುಪಿನೊಳಗೇ ಕಿರಿದಾದ ಕೋನದ ಶಂಕುವಿನಾಕಾರದ ಗುಳಿ ಮಾಡಿ, ಅದಕ್ಕೊಪ್ಪುವ ಕಂಬವನ್ನು ಬಿಗಿದರೆ, ಘರ್ಷಣೆಯೇ ಅದನ್ನು ಹಿಡಿದು ನಿಲ್ಲಿಸುವುದು, ಅಲುಗಾಟ ತಗ್ಗುವುದು. ಕಂಬವನ್ನು ತಿರುಪಿಗಿಂತ ತೆಳ್ಳಗೆ ಮಾಡಿದರೆ ಸಂಧಿಯು ಎಲುಬಿನ ಅಂಚಿನಿಂದ ಒಳಕ್ಕೂ ಸರಿಯುವುದು. ಇಂತಹ ರಚನೆಯಲ್ಲಿ ಎಲುಬಿನ ನಷ್ಟ ಕಡಿಮೆಯೆಂದು ಹಲವು ಪರೀಕ್ಷೆಗಳು ತೋರಿಸಿವೆ. ಬಿರುಕು ಪೂರ್ತಿಯಾಗಿ ಮುಚ್ಚುವುದೆಂದು ಮಾತ್ರ ನಾವು ಹೇಳಲಾರೆವು.