ಜೈಲಿನಿಂದ ಕ್ಲಾಸ್‌ರೂಮಿಗೆ ಎಷ್ಟು ದೂರ?

ಅಡ್ಮಿಷನ್ ದಿನ ಒಂದು ಜೆರಾಕ್ಸ್ ಕಮ್ಮಿಯಾಯ್ತು ಅಂತ ನಾವೆಷ್ಟು ಒದ್ದಾಡಿದ್ದೆವು, ನೆನಪಿದೆಯಲ್ವಾ? ಜೊತೆಗೆ ಅಪ್ಪನೋ ಅಕ್ಕನೋ ಇದ್ದರು, ಹೇಗೋ ಆಯ್ತು. ಅದೇ ಸಾಲಿನಲ್ಲಿ ಐದು ವರ್ಷ ಜೈಲಿನಲ್ಲಿದ್ದು, ಹೋದ ವಾರವಷ್ಟೇ ಹೊರಬಂದವನೊಬ್ಬ ನಿಂತಿದ್ದಾನೆ ಅಂದುಕೊಳ್ಳೋಣ. ದಾಖಲೆ ಪೂರ್ತಿ ಇಲ್ಲ, ಇರೋಕೆ ರೂಮಿಲ್ಲ. ಸೀಟು ಸಿಕ್ಕರೂ ಎರಡನೇ ಸೆಮ್‌ವರೆಗೆ ಉಳೀತಾನಾ?

ಈ ಕಷ್ಟವನ್ನು ಸ್ವತಃ ಕಂಡವರು ಅಮೆರಿಕದ ಜಾನ್ ಇರ್ವಿನ್. ಪೆಟ್ರೋಲ್ ಬಂಕ್ ದರೋಡೆ ಮಾಡಿ ಕ್ಯಾಲಿಫೋರ್ನಿಯಾದ ಸೊಲೆಡಾಡ್ ಜೈಲಿನಲ್ಲಿ ಐದು ವರ್ಷ ಇದ್ದವರು. ಒಳಗಿದ್ದಾಗಲೇ ಓದು ಶುರುಮಾಡಿದರು. ಹೊರಬಂದು ಡಿಗ್ರಿ, ಬರ್ಕ್ಲಿಯ ಪಿಎಚ್.ಡಿ. ಎರಡನ್ನೂ ಪಡೆದು, ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರಾದರು. 1967ರಲ್ಲಿ ಅಲ್ಲೇ 'ಪ್ರಾಜೆಕ್ಟ್ ರಿಬೌಂಡ್' ಆರಂಭಿಸಿದರು. ಅದು ಮಾಡುವ ಕೆಲಸ ನೋಡಿದರೆ ದೊಡ್ಡದೇನೂ ಅನ್ನಿಸಲ್ಲ: ಜೈಲಿನಿಂದ ಬರುವ ಪತ್ರಗಳಿಗೆ ಉತ್ತರ, ಅರ್ಜಿ ತುಂಬಲು ಸಹಾಯ, ಪುಸ್ತಕಕ್ಕೆ, ಬಸ್ಸಿಗೆ, ಊಟಕ್ಕೆ ಅಷ್ಟಿಷ್ಟು ದುಡ್ಡು. ಆದರೆ ಕೌಂಟರಿನ ಆಚೆ ಕೂತಿರುವವರಲ್ಲಿ ಹಲವರು ತಾವೂ ಜೈಲು ಕಂಡವರೇ. ಹಾಗಾಗಿ "ಇಷ್ಟು ವರ್ಷ ಎಲ್ಲಿದ್ದೆ?" ಎಂಬ ಪ್ರಶ್ನೆಗೆ ಅಲ್ಲಿ ಸುಳ್ಳು ಹೇಳಬೇಕಾಗಿಲ್ಲ. 2016ರಿಂದ ಅದೇ ವಿಶ್ವವಿದ್ಯಾಲಯ ವ್ಯವಸ್ಥೆಯ ಬೇರೆ ಕ್ಯಾಂಪಸ್‌ಗಳಿಗೂ ಇದು ಹಬ್ಬಿತು.

ಒಳಗೇ ಓದುವವರ ಕಥೆ ಬೇರೆ. ಬಡ ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಗ್ರಾಂಟ್ ಅನ್ನು 1994ರಲ್ಲಿ ಅಮೆರಿಕ ಕೈದಿಗಳಿಗೆ ನಿಲ್ಲಿಸಿಬಿಟ್ಟಿತು. ದುಡ್ಡು ನಿಂತ ಮೇಲೆ ಜೈಲಿನ ಕಾಲೇಜುಗಳು ಒಂದೊಂದಾಗಿ ಮುಚ್ಚಿದವು. ಅದು ಪೂರ್ತಿಯಾಗಿ ವಾಪಸ್ ಬಂದದ್ದು 2023ರ ಜುಲೈನಲ್ಲಿ. ಜೈಲಿನಲ್ಲಿ ಓದಿದವರು ಮತ್ತೆ ಒಳಗೆ ಹೋಗುವ 'ಆಡ್ಸ್' 43% ಕಡಿಮೆ ಎಂದು 2013ರಲ್ಲಿ ರ‍್ಯಾಂಡ್ ಸಂಸ್ಥೆ ಹೇಳಿತ್ತು. (ಸ್ಟಾಟಿಸ್ಟಿಕ್ಸ್ ಓದಿದ ನಾವು ಇಲ್ಲಿ ಸ್ವಲ್ಪ ತಡೀಬೇಕು. ಆಡ್ಸ್ ಬೇರೆ, ಪ್ರಾಬಬಿಲಿಟಿ ಬೇರೆ. ಓದಲು ಮುಂದೆ ಬರುವವನಿಗೆ ಬದಲಾಗುವ ಮನಸ್ಸು ಮೊದಲೇ ಇದ್ದಿರಲೂಬಹುದು.)

ನಮಗೆ ಹೆಚ್ಚು ಹಿಡಿಸಿದ್ದು ಸ್ಯಾನ್ ಕ್ವೆಂಟಿನ್ ಜೈಲಿನ ಸಂಗತಿ. 2014ರಲ್ಲಿ ಅಲ್ಲಿ 'ದಿ ಲಾಸ್ಟ್ ಮೈಲ್' ಸಂಸ್ಥೆ ಕೋಡಿಂಗ್ ಕ್ಲಾಸ್ ತೆರೆಯಿತು, ಇಂಟರ್ನೆಟ್ ಇಲ್ಲದೆ! ಎರರ್ ಬಂದರೆ ಗೂಗಲ್ ಇಲ್ಲ, ಸ್ಟ್ಯಾಕ್ ಓವರ್‌ಫ್ಲೋ ಇಲ್ಲ. ಒಂದು ಲ್ಯಾಬ್ ಪೂರ್ತಿ ಹಾಗೆ ಮಾಡಿ ನೋಡಿ, ಗೊತ್ತಾಗುತ್ತೆ.

ನಮ್ಮ ದೇಶದಲ್ಲಿ ತಿಹಾರ್‌ನಂಥ ಜೈಲುಗಳಲ್ಲಿ ಇಗ್ನೋ ಅಧ್ಯಯನ ಕೇಂದ್ರಗಳಿವೆ, ಬಿ.ಎ. ಓದಬಹುದು. ಬಿ.ಇ. ಆಗಲ್ಲ. ಅಂಚೆ ಶಿಕ್ಷಣದಲ್ಲಿ ಎಂಜಿನಿಯರಿಂಗ್ ಕಲಿಸುವ ಹಾಗಿಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಲ್ಯಾಬ್ ಇಲ್ಲದೆ ಎಂಜಿನಿಯರ್ ಆಗೋಕಾಗಲ್ಲ, ನಾವೂ ಒಪ್ಪುತ್ತೇವೆ. ಅಂದರೆ ಅವನು ಹೊರಬಂದು ನಮ್ಮ ಅಡ್ಮಿಷನ್ ಸಾಲಿಗೇ ಬರಬೇಕು. ನಡುವೆ ವರ್ಷಗಳು ಖಾಲಿಯಿದ್ದರೆ ನೋಟರಿ ಅಫಿಡವಿಟ್ ಕೇಳುವುದು ನಮ್ಮ ಕಾಲೇಜುಗಳಲ್ಲಿ ಸಾಮಾನ್ಯ. ಅದರಲ್ಲಿ ಏನು ಬರೀಲಿ ಅಂತ ಅವನು ಕೇಳಿದರೆ, ಯಾವ ಕೌಂಟರಿಗೆ ಕಳಿಸೋಣ?