ಎಣಿಕೆ ಆಮೇಲೆ, ಜೋಡಿ ಮೊದಲು: ಪುಟ್ಟ ಮಕ್ಕಳಿಗೆ ಹೆಚ್ಚು–ಕಡಿಮೆ ಕಲಿಸುವ ಸೂತ್ರಗಳು

ಒಂದರಿಂದ ಐವತ್ತರವರೆಗೆ ಪಟಪಟನೆ ಒಪ್ಪಿಸುವ ಮಗುವಿನ ಮುಂದೆ ಏಳು ಹುಣಸೆಬೀಜ ಒತ್ತೊತ್ತಾಗಿ ಇಡಿ. ಪಕ್ಕದಲ್ಲಿ ಐದೇ ಬೀಜವನ್ನು ಉದ್ದಕ್ಕೆ ಹರಡಿ, ‘ಯಾವುದು ಜಾಸ್ತಿ?’ ಎಂದು ಕೇಳಿ. ಎಷ್ಟೋ ಮಕ್ಕಳು ಐದರ ಸಾಲನ್ನೇ ತೋರಿಸುತ್ತಾರೆ. ಬಾಯಿಗೆ ಲೆಕ್ಕ ಬಂದಿದೆ, ಕೈಗೆ ಬಂದಿಲ್ಲ. 2021ರ ಜುಲೈ 5ರಂದು ಶುರುವಾದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ 2026–27ರೊಳಗೆ ಸಿಗಬೇಕು ಎನ್ನುತ್ತದೆ. ಆ ಬುನಾದಿಯ ಮೊದಲ ಕಲ್ಲು ಎಣಿಕೆ ಅಲ್ಲ, ಹೋಲಿಕೆ. ಶಿಕಾರಿಪುರ, ಸೊರಬದ ಅಂಗನವಾಡಿ, ನಲಿಕಲಿ ಕೊಠಡಿ ಮತ್ತು ಮನೆಗಳಲ್ಲಿ ಇದನ್ನು ಕಲಿಸಲು ಪೈಸೆ ಖರ್ಚಿಲ್ಲ.

1. ತಟ್ಟೆ ಹಂಚುವ ಕೆಲಸ ಮಗುವಿಗೇ ಕೊಡಿ.
ಬಿಸಿಯೂಟದ ಹೊತ್ತಿಗೆ ತಟ್ಟೆಗಳ ಕಟ್ಟನ್ನು ಒಂದು ಮಗುವಿನ ಕೈಗಿಡಿ. ಒಬ್ಬರಿಗೆ ಒಂದು. ತಟ್ಟೆ ಮಿಕ್ಕಿತೇ? ತಟ್ಟೆ ಜಾಸ್ತಿ. ಒಬ್ಬ ಬರಿಗೈಲಿ ಕೂತನೇ? ಮಕ್ಕಳು ಜಾಸ್ತಿ. ಒಂದೂ ಸಂಖ್ಯೆ ಹೇಳದೆ ಹೋಲಿಕೆ ಮುಗಿಯಿತು. ಬಾಳೆಹಣ್ಣು ಹಂಚುವಾಗಲೂ ಇದೇ. ಟೀಚರೇ ಹಂಚಿದರೆ ಬೇಗ ಮುಗಿಯುತ್ತದೆ, ನಿಜ. ಪಾಠವೂ ಅಷ್ಟೇ ಬೇಗ ಕೈತಪ್ಪುತ್ತದೆ.

2. ಕಣ್ಣಿಗೆ ಮೋಸವಾಗಲಿ, ಕೈ ಅದನ್ನು ಬಿಡಿಸಲಿ.
ಮೇಲಿನ ಹುಣಸೆಬೀಜದ ಆಟ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯ ಪ್ರಯೋಗಗಳ ಜಾತಿಯದು. ಆರೇಳು ವರ್ಷ ತುಂಬದ ಮಕ್ಕಳು ಸಾಲಿನ ಉದ್ದ ನೋಡಿ ತೀರ್ಪು ಕೊಡುತ್ತಾರೆ ಎಂದು ಅವರು ತೋರಿಸಿದರು. ದ್ರವಕ್ಕೂ ಇದೇ ಕತೆ. 2013ರಿಂದ ನಮ್ಮ ಶಾಲೆಗಳಿಗೆ ಬರುತ್ತಿರುವ ಕ್ಷೀರಭಾಗ್ಯದ ಹಾಲನ್ನೇ ತೆಗೆದುಕೊಳ್ಳಿ: ಅಗಲ ಲೋಟದ ಹಾಲನ್ನು ಕಣ್ಣೆದುರೇ ಸಣ್ಣ ಬಾಯಿಯ ಎತ್ತರದ ಲೋಟಕ್ಕೆ ಸುರಿದರೆ ‘ಜಾಸ್ತಿ ಆಯ್ತು’ ಎನ್ನುತ್ತಾರೆ. ಆಗ ‘ತಪ್ಪು’ ಅನ್ನಬೇಡಿ, ವಾಪಸು ಸುರಿಯಲು ಹೇಳಿ. ಬೀಜವಾದರೆ ಎರಡೂ ಸಾಲಿನಿಂದ ಒಂದೊಂದು ತೆಗೆದು ಜೋಡಿ ಮಾಡಿಸಿ. ಜೋಡಿ ಸಿಗದೆ ಉಳಿದದ್ದು ಯಾವ ಸಾಲಿನದೋ ಅದು ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ದೊಡ್ಡವರು ತಾವೇ ಸಾಲನ್ನು ಹರಡಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ‘ಮೊದಲ ಉತ್ತರ ಸರಿಯಿರಲಿಲ್ಲವೇನೋ’ ಎಂದು ಮಗು ಬದಲಾಯಿಸಿಬಿಡುತ್ತದೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬ ಸಂಶೋಧಕರು ಸಾಲು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿಬೊಂಬೆಗೆ ಬಿಟ್ಟರು. ಸರಿ ಉತ್ತರಗಳು ಬಹಳ ಹೆಚ್ಚಿದವು. ನಿಮ್ಮ ಕೊಠಡಿಯಲ್ಲಿ ಬಟ್ಟೆಗೊಂಬೆಯೇ ಸಾಲು ಕೆಡಿಸಲಿ.

3. ದೊಡ್ಡ ಅಂತರದಿಂದ ಶುರು ಮಾಡಿ.
ಆರು ತಿಂಗಳ ಶಿಶು 8 ಚುಕ್ಕೆಗೂ 16 ಚುಕ್ಕೆಗೂ ಇರುವ ವ್ಯತ್ಯಾಸ ಗುರುತಿಸುತ್ತದೆ, 8 ಮತ್ತು 12ರದ್ದನ್ನು ಗುರುತಿಸದು. ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕೆ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದು. ಅಂದರೆ ಮನಸ್ಸು ನೋಡುವುದು ‘ಎಷ್ಟು ಪಟ್ಟು’ ಎಂಬುದನ್ನು. 3–10ರಿಂದ ಶುರುಮಾಡಿ 5–8ಕ್ಕೆ ಬನ್ನಿ, 7–8 ಕೊನೆಗೆ. ಮೊದಲ ದಿನವೇ 7–8 ಇಟ್ಟು ‘ಇವನಿಗೆ ಲೆಕ್ಕ ಹತ್ತಲ್ಲ’ ಅನ್ನುವವರು ಮಗುವನ್ನಲ್ಲ, ತಮ್ಮ ಪ್ರಶ್ನೆಯನ್ನು ನೋಡಿಕೊಳ್ಳಬೇಕು.

4. ‘ಎಷ್ಟು ಜಾಸ್ತಿ?’ ಬೇಡ, ‘ಎಷ್ಟಕ್ಕೆ ಸಿಗಲಿಲ್ಲ?’ ಕೇಳಿ.
ಇದೊಂದನ್ನು ಅಳವಡಿಸಿಕೊಂಡರೂ ಸಾಕು. ಮಳೆಗಾಲದಲ್ಲಿ ಸೊರಬದ ಗುಡವಿ ಕೆರೆಯ ಮರಗಳಲ್ಲಿ ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಮಕ್ಕಳು ನೋಡಿರುವ ಹಕ್ಕಿ. ಸ್ಲೇಟಿನ ಮೇಲೆ ಐದು ಕೆಂಬರಲು, ಮೂರು ಮೀನು ಬರೆಯಿರಿ. ‘ಮೀನಿಗಿಂತ ಹಕ್ಕಿ ಎಷ್ಟು ಜಾಸ್ತಿ?’ ಎಂದರೆ ಬಹಳ ಮಕ್ಕಳು ‘ಐದು’ ಎನ್ನುತ್ತಾರೆ. ‘ಒಂದೊಂದು ಹಕ್ಕಿ ಒಂದೊಂದು ಮೀನು ಹಿಡೀತು, ಎಷ್ಟು ಹಕ್ಕಿಗೆ ಸಿಗಲಿಲ್ಲ?’ ಎಂದರೆ ‘ಎರಡು’. ಟಾಮ್ ಹಡ್ಸನ್ 1983ರಲ್ಲಿ ಹಕ್ಕಿ ಮತ್ತು ಹುಳುಗಳ ಚಿತ್ರದಿಂದಲೇ ಇದನ್ನು ಪರೀಕ್ಷಿಸಿದ್ದರು. ಒಂದನೇ ತರಗತಿಯ ಮಕ್ಕಳಲ್ಲಿ ಮೊದಲ ರೀತಿಯ ಪ್ರಶ್ನೆಗೆ ಸರಿ ಉತ್ತರ ಕೊಟ್ಟವರು ಶೇ 64, ಎರಡನೆಯದಕ್ಕೆ ಶೇ 100. ಅದೇ ಚಿತ್ರ, ಅದೇ ಮಕ್ಕಳು. ಮುಂದೆ ಕಳೆಯುವ ಲೆಕ್ಕ ಬರುವಾಗ ಈ ಎರಡು ಹಸಿದ ಹಕ್ಕಿಗಳನ್ನೇ ಕರೆದುಕೊಂಡು ಬನ್ನಿ.

5. ‘ಸಮ’ ಮಾಡಿಸಿ.
ಹೆಚ್ಚು–ಕಡಿಮೆ ಹೇಳಿಸಿ ನಿಲ್ಲಿಸುವುದು ಅರ್ಧ ಪಾಠ. ಒಂದು ಗುಡ್ಡೆಯಲ್ಲಿ 8, ಇನ್ನೊಂದರಲ್ಲಿ 4 ಗೋವಿನಜೋಳದ ಕಾಳು ಇಟ್ಟು ‘ಇಲ್ಲಿಂದ ಅಲ್ಲಿಗೆ ಸರಿಸಿ ಸಮ ಮಾಡು’ ಎನ್ನಿ. ನಾಲ್ಕು ಹೆಚ್ಚಿದೆಯಲ್ಲ ಎಂದು ನಾಲ್ಕನ್ನೂ ಸರಿಸಿದರೆ ಗುಡ್ಡೆಗಳು ಅದಲುಬದಲು! ಆಗ ಮಗುವಿನ ಮುಖ ನೋಡಬೇಕು. ಸುಮ್ಮನಿರಿ. ಒಂದೊಂದೇ ಸರಿಸಿ ನೋಡುತ್ತಾ, ಎರಡೇ ಸಾಕು ಎಂಬುದನ್ನು ಅದೇ ಕಂಡುಕೊಳ್ಳುತ್ತದೆ. ಕಾಳು ಮೂಗಿಗೆ ತುರುಕಿಕೊಳ್ಳುವ ವಯಸ್ಸಿನವರಿಗೆ ಕಾಳು ಬಿಡಿಸಿದ ತೆನೆಯ ದಿಂಡು ಕೊಡಿ.

6. ಯಾವುದರಲ್ಲಿ ಜಾಸ್ತಿ ಎಂದು ಬಿಡಿಸಿ ಹೇಳಿ.
ಒಂದು ಚೀಲ ಮಂಡಕ್ಕಿ, ಒಂದು ಅಚ್ಚು ಬೆಲ್ಲ. ದೊಡ್ಡದು ಮಂಡಕ್ಕಿ, ಭಾರ ಬೆಲ್ಲ. ಎರಡು ಹಲಸಿನಹಣ್ಣು, ಹತ್ತು ನೆಲ್ಲಿಕಾಯಿ: ಯಾವುದು ಜಾಸ್ತಿ? ಪ್ರಶ್ನೆ ಕೇಳಿದವರೇ ಗಾತ್ರವೋ, ತೂಕವೋ, ಎಣಿಕೆಯೋ ಹೇಳಲಿಲ್ಲ.

7. ಮನೆಮಾತಿಗೆ ಜಾಗ ಕೊಡಿ.
ಶಿಕಾರಿಪುರದ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಶಿರಾಳಕೊಪ್ಪದ ಎಷ್ಟೋ ಮನೆಗಳಲ್ಲಿ ಉರ್ದು. ‘ಅದಕ್ಕಿಂತ ಇದು ಹೆಚ್ಚು’ ಎಂಬ ವಾಕ್ಯ ಬರಲಿಲ್ಲವೆಂದರೆ ತಿಳಿವಳಿಕೆ ಇಲ್ಲವೆಂದಲ್ಲ. ಮೊದಲು ಕೈಯಲ್ಲಿ ತೋರಿಸಲಿ, ಮನೆಮಾತಲ್ಲಿ ಹೇಳಲಿ, ಆಮೇಲೆ ಕನ್ನಡದಲ್ಲಿ ಪೂರ್ತಿ ವಾಕ್ಯ. ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೇ ಕೂರುವುದರಿಂದ, ಅದೇ ಮನೆಮಾತಿನ ಅಕ್ಕನೋ ಅಣ್ಣನೋ ಪಕ್ಕದಲ್ಲೇ ಸಿಗುತ್ತಾರೆ.

8. ಚಿಹ್ನೆ ಕಟ್ಟಕಡೆಗೆ.
ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ 1631ರ ಪುಸ್ತಕದಲ್ಲಿ > ಮತ್ತು < ಮೊದಲ ಬಾರಿ ಅಚ್ಚಾದವು. ಅದಕ್ಕೂ ಮೊದಲು ಸಾವಿರಾರು ವರ್ಷ ಜಗತ್ತು ಚಿಹ್ನೆಯಿಲ್ಲದೆ ಹೆಚ್ಚು–ಕಡಿಮೆ ನೋಡಿಕೊಂಡಿತ್ತು. ನಮ್ಮ ನಾಲ್ಕು ವರ್ಷದ ಮಗುವೂ ಸ್ವಲ್ಪ ಕಾಯಬಹುದು. ಚಿಹ್ನೆಯನ್ನು ದೊಡ್ಡ ಸಂಖ್ಯೆಯತ್ತ ತೆರೆದ ‘ಮೊಸಳೆ ಬಾಯಿ’ ಎಂದು ಕಲಿಸುವ ಉಪಾಯ ನನಗಷ್ಟು ಸೇರದು. ಮಗುವಿಗೆ ಮೊಸಳೆ ನೆನಪಿರುತ್ತದೆ, ಲೆಕ್ಕ ಮರೆಯುತ್ತದೆ.

9. ಅಟ್ಟದ ಚನ್ನೆಮಣೆ ಇಳಿಸಿ.
ಎರಡು ಸಾಲು, ಏಳೇಳು ಗುಳಿ. ಒಂದು ಸುತ್ತು ಮುಗಿದ ಮೇಲೆ ಗೆದ್ದ ಬೀಜಗಳಿಂದ ಅವರವರ ಗುಳಿ ತುಂಬಿಸಬೇಕು, ಸೋತವರ ಸಾಲಿನಲ್ಲಿ ಕೆಲವು ಖಾಲಿ ಉಳಿಯುತ್ತವೆ. ಚಿಕ್ಕವರಿಗೆ ಗುಳಿಗೆ ಎರಡೇ ಬೀಜ ಸಾಕು. ಯಾರು ಗೆದ್ದರು ಎಂದು ಅಜ್ಜಿ ಹೇಳುವುದು ಬೇಡ. ‘ಎಷ್ಟು ಗುಳಿಗೆ ಸಿಗಲಿಲ್ಲ?’ ಎಂದಷ್ಟೇ ಕೇಳಲಿ.