ಒಂದು ತಪ್ಪು, ಎರಡು ತಕ್ಕಡಿ

ರಾಜಕಾರಣಿಗಳ ಮನೆಯ ಮಾತು ನಾಡಿನ ಮಾತಾಗುವುದು ಇಂದು ನಿನ್ನೆಯ ಸಂಗತಿಯಲ್ಲ. ಜನರ ಮತವನ್ನು ಬೇಡಿ ಪಡೆದವರ ನಡತೆಯನ್ನು ಜನರು ವಿಚಾರಿಸುವುದು ಸಹಜವೇ ಆಗಿದೆ. ಆದರೆ ಮದುವೆಯಾದ ಗಂಡಸೊಬ್ಬನು ದಾಂಪತ್ಯಧರ್ಮವನ್ನು ಮೀರಿದಾಗ ಅವನನ್ನು ಅಳೆಯುವ ಕೋಲೂ, ಅದೇ ತಪ್ಪನ್ನು ಹೆಂಗಸೊಬ್ಬಳು ಮಾಡಿದಾಗ ಅವಳನ್ನು ಅಳೆಯುವ ಕೋಲೂ ಒಂದೇ ಆಗಿವೆಯೆ? ಒಂದೇ ಆಗಿಲ್ಲದಿದ್ದರೆ ಅದರಿಂದ ನಷ್ಟವಾಗುವುದು ಯಾರಿಗೆ? ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ. ಉದಾಹರಣೆಗಳನ್ನು ಬ್ರಿಟನ್ನಿನಿಂದ ಆರಿಸಿಕೊಂಡಿದ್ದೇನೆ. ನಮ್ಮ ಪಾರ್ಲಿಮೆಂಟಿನ ಪದ್ಧತಿಯೂ ನಮ್ಮ ಹಳೆಯ ದಂಡಸಂಹಿತೆಯೂ ಅಲ್ಲಿಂದ ಬಂದವು ಎಂಬುದೊಂದು ಕಾರಣ. ಈ ಸಂಗತಿಗಳು ಗಾಳಿಮಾತುಗಳಲ್ಲ, ನ್ಯಾಯಾಲಯದಲ್ಲಿ ತೀರ್ಮಾನವಾದವು ಇಲ್ಲವೆ ಸಂಬಂಧಪಟ್ಟವರೇ ಒಪ್ಪಿಕೊಂಡವು ಎಂಬುದು ಇನ್ನೊಂದು ಕಾರಣ.

ಮೊದಲು ಲೋಕರೂಢಿಯನ್ನು ನೋಡೋಣ. ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಳ್ಳುವವನು ಗಂಡಸು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹೆಂಗಸಿನ ವಿಷಯಕ್ಕೆ ಬಂದರೆ ಗಾದೆಯೇ ಬೇರೆ: ಮುಳ್ಳಿನ ಮೇಲೆ ಸೆರಗು ಬಿದ್ದರೂ, ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ. ಈ ಎರಡು ಗಾದೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ತಕ್ಕಡಿಗಳು ಕಣ್ಣಿಗೆ ಕಾಣುತ್ತವೆ. ಗಂಡಸಿನ ತಪ್ಪು ಕಾಲಿಗೆ ಹತ್ತಿದ ಕೆಸರು, ಅದನ್ನು ತೊಳೆಯಬಹುದು. ಹೆಂಗಸಿನ ತಪ್ಪು ಬಟ್ಟೆಯ ಹರಕು. ಅದನ್ನು ಹೊಲಿದರೂ ಗುರುತು ಉಳಿಯುತ್ತದೆ.

ಇದು ನಮ್ಮ ನಾಡಿನ ಗಾದೆ ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನ ಕಾನೂನೇ ಇದನ್ನು ಬರೆದಿಟ್ಟಿತ್ತು. 1857ರ ವಿವಾಹ ವಿಚ್ಛೇದನದ ಶಾಸನದಂತೆ ಹೆಂಡತಿಯು ಪರಪುರುಷನ ಸಂಗ ಮಾಡಿದಳೆಂದು ತೋರಿಸಿದರೆ ಸಾಕು, ಗಂಡನಿಗೆ ವಿಚ್ಛೇದನ ದೊರೆಯುತ್ತಿತ್ತು. ಗಂಡನು ಪರಸ್ತ್ರೀಸಂಗ ಮಾಡಿದರೆ ಹೆಂಡತಿಗೆ ಅಷ್ಟು ಸಾಲದು. ಅದರ ಜೊತೆಗೆ ಅವನ ಕ್ರೌರ್ಯವನ್ನೋ, ತನ್ನನ್ನು ತೊರೆದುಹೋದುದನ್ನೋ ಅವಳು ರುಜುವಾತುಪಡಿಸಬೇಕಿತ್ತು. ಅಲ್ಲಿ ಈ ಭೇದ ಅಳಿದುದು 1923ರಲ್ಲಿ. ಅದೇ ಮಾದರಿಯಲ್ಲಿ ಇಲ್ಲಿನ ಕ್ರೈಸ್ತರಿಗಾಗಿ ಮಾಡಿದ 1869ರ ಶಾಸನದಲ್ಲಿ ಅದು 2001ರವರೆಗೂ ಉಳಿದಿತ್ತು. ಇನ್ನು ನಮ್ಮ 1860ರ ದಂಡಸಂಹಿತೆಯ 497ನೆಯ ಕಲಮು. ಪರರ ಹೆಂಡತಿಯನ್ನು ಕೂಡಿದ ಗಂಡಸಿಗೆ ಅದು ಐದು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತಿತ್ತು, ಹೆಂಗಸಿಗೆ ಶಿಕ್ಷೆಯಿರಲಿಲ್ಲ. ಮೇಲುನೋಟಕ್ಕೆ ಇದು ಹೆಂಗಸಿಗೆ ತೋರಿದ ದಯೆಯೆಂದೇ ಕಾಣುತ್ತದೆ. ಆದರೆ ಆ ಹೆಂಗಸಿನ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ! ತನ್ನ ಗಂಡ ದಾರಿ ತಪ್ಪಿದನೆಂದು ದೂರು ಕೊಡುವ ಹಕ್ಕೂ ಹೆಂಡತಿಗಿರಲಿಲ್ಲ. ಹೊಲದ ಒಡೆಯನನ್ನು ಕೇಳದೆ ಹೊಲಕ್ಕೆ ನುಗ್ಗಿದವನನ್ನು ಹಿಡಿಯುವ ನ್ಯಾಯವಿದು. ಹೊಲಕ್ಕೆ ಶಿಕ್ಷೆಯಿಲ್ಲ ಎಂದರೆ ಹೊಲಕ್ಕೆ ಗೌರವ ಕೊಟ್ಟಂತಾಗುವುದಿಲ್ಲ. ಸುಪ್ರೀಂ ಕೋರ್ಟು 1954ರಲ್ಲಿಯೂ 1985ರಲ್ಲಿಯೂ ಈ ಕಲಮನ್ನು ಎತ್ತಿಹಿಡಿದು, ಕೊನೆಗೆ 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳ ಒಮ್ಮತದಿಂದ ರದ್ದುಗೊಳಿಸಿತು. ಅದು ಈಗ ವಿಚ್ಛೇದನಕ್ಕೆ ಕಾರಣ, ಅಪರಾಧವಲ್ಲ.

ಪುಸ್ತಕದಲ್ಲಿನ ಕಾನೂನು ಹೀಗೆ ನೇರವಾಯಿತು. ಆದರೆ ಜನರ ಮನಸ್ಸಿನ ಕಾನೂನು? ಅದನ್ನು ತಿಳಿಯಲು ಎರಡು ಪ್ರಸಂಗಗಳನ್ನು ನೋಡಬಹುದು.

ಮೊದಲನೆಯದು ಕೋರ್ಟಿನ ಪ್ರಸಂಗ. 1986ರಲ್ಲಿ ಜೆಫ್ರಿ ಆರ್ಚರ್ ಅವರು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಉಪಾಧ್ಯಕ್ಷರಾಗಿದ್ದರು. ಕಾದಂಬರಿಕಾರರೆಂದೂ ಹೆಸರು ಪಡೆದಿದ್ದರು. ಅವರ ಪರವಾಗಿ ಒಬ್ಬ ವ್ಯಕ್ತಿ ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣದಲ್ಲಿ ವೇಶ್ಯಾವೃತ್ತಿಯ ಹೆಣ್ಣುಮಗಳೊಬ್ಬಳಿಗೆ 2,000 ಪೌಂಡುಗಳ ಲಕೋಟೆಯನ್ನು ಕೊಟ್ಟ ಸಂಗತಿ ಪತ್ರಿಕೆಗಳಲ್ಲಿ ಬಂದಿತು. ಆರ್ಚರ್ ಅವರು ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವಳೊಡನೆ ಅವರಿಗೆ ಸಂಬಂಧವಿತ್ತೆಂದು ಬರೆದ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹೂಡಿದರು. 1987ರಲ್ಲಿ ವಿಚಾರಣೆ ನಡೆಯಿತು. ಕೊನೆಯಲ್ಲಿ ನ್ಯಾಯಾಧೀಶರು ಜ್ಯೂರಿಯವರಿಗೆ ತಿಳಿವಳಿಕೆ ಹೇಳುವಾಗ, ಸಾಕ್ಷಿ ನುಡಿದ ಆರ್ಚರ್ ಅವರ ಪತ್ನಿಯ ಸೊಬಗನ್ನೂ ಪರಿಮಳವನ್ನೂ ಜ್ಞಾಪಿಸಿ, ಇಂಥ ಪತ್ನಿಯುಳ್ಳವರು ಅಂಥ ಹೆಂಗಸಿನ ಬಳಿಗೆ ಹೋಗುವರೆ ಎಂಬರ್ಥದ ಮಾತನಾಡಿದರು. ಜ್ಯೂರಿಯು ಆರ್ಚರ್ ಅವರನ್ನು ನಂಬಿತು. ಅವರಿಗೆ 5,00,000 ಪೌಂಡುಗಳ ಪರಿಹಾರ ದೊರೆಯಿತು. ಆ ಹೆಣ್ಣುಮಗಳು ಸುಳ್ಳುಗಾತಿಯೆನಿಸಿದಳು.

ಹದಿನಾಲ್ಕು ವರ್ಷಗಳ ನಂತರ, 2001ರ ಜುಲೈ ತಿಂಗಳಲ್ಲಿ, ಅದೇ ಮೊಕದ್ದಮೆಯ ಸಂಬಂಧದಲ್ಲಿ ಪ್ರಮಾಣಮಾಡಿ ಸುಳ್ಳು ಹೇಳಿದರೆಂದು ಆರ್ಚರ್ ಅವರಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು. ಆ ಹೆಣ್ಣುಮಗಳು ಅದನ್ನು ನೋಡಲಿಲ್ಲ. ಆ ವಿಚಾರಣೆ ಆರಂಭವಾಗುವ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ರಸ್ತೆಯ ಅಪಘಾತದಲ್ಲಿ ತೀರಿಕೊಂಡಿದ್ದಳು.

ಇಲ್ಲಿ ಗಮನಿಸಬೇಕಾದುದೇನು? ನಡತೆಯ ಪರೀಕ್ಷೆಯಾಗಬೇಕಾಗಿದ್ದುದು ಒಬ್ಬ ಗಂಡಸಿನದು. ಪರೀಕ್ಷೆಯಾದುದು ಇಬ್ಬರು ಹೆಂಗಸರದು. ಒಬ್ಬಾಕೆಯ ಚೆಲುವು ಅವನಿಗೆ ಸಾಕ್ಷಿಯಾಯಿತು. ಇನ್ನೊಬ್ಬಾಕೆಯ ಕಸುಬು ಅವಳಿಗೇ ವಿರುದ್ಧ ಸಾಕ್ಷಿಯಾಯಿತು. ಗಂಡಸಿನ ಮಾತು ನಿಜವೋ ಸುಳ್ಳೋ ಎಂಬ ಮೂಲ ಪ್ರಶ್ನೆ ನಡುವೆ ಎಲ್ಲಿಯೋ ಜಾರಿಹೋಯಿತು.

ಎರಡನೆಯ ಪ್ರಸಂಗದಲ್ಲಿ ಗಂಡಸೂ ಹೆಂಗಸೂ ಇಬ್ಬರೂ ರಾಜಕಾರಣಿಗಳೇ, ಇಬ್ಬರೂ ವಿವಾಹಿತರೇ, ಒಂದೇ ಪಕ್ಷದವರೇ. ಆದುದರಿಂದ ಹೋಲಿಕೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಜಾನ್ ಮೇಜರ್ ಅವರು 1979ರಲ್ಲಿ, ಎಡ್ವಿನಾ ಕರ್ರಿ ಅವರು 1983ರಲ್ಲಿ ಪಾರ್ಲಿಮೆಂಟಿಗೆ ಆರಿಸಿಬಂದರು. 1984ರಿಂದ 1988ರವರೆಗೆ ಇವರಿಬ್ಬರಿಗೂ ಗುಟ್ಟಿನ ಸಂಬಂಧವಿತ್ತು. ಕರ್ರಿ ಅವರು ಆರೋಗ್ಯ ಇಲಾಖೆಯ ಕಿರಿಯ ಮಂತ್ರಿಯಾಗಿದ್ದು, ದೇಶದ ಕೋಳಿಮೊಟ್ಟೆಗಳಲ್ಲಿ ರೋಗಾಣುಗಳಿವೆಯೆಂದು ಹೇಳಿದ ಮಾತಿನಿಂದ ಗದ್ದಲವೆದ್ದು 1988ರ ಡಿಸೆಂಬರಿನಲ್ಲಿ ಸ್ಥಾನ ಬಿಟ್ಟರು. ಮೇಜರ್ ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿ 1990ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳಾದರು. 1993ರಲ್ಲಿ ಪಕ್ಷದ ಸಮ್ಮೇಳನದಲ್ಲಿ, ಹಳೆಯ ಮೌಲ್ಯಗಳ ಬುಡಕ್ಕೆ ಮರಳಬೇಕೆಂಬ ಘೋಷಣೆಯನ್ನು ಅವರು ಕೊಟ್ಟರು. ಖಾಸಗಿ ನಡತೆ ತಮ್ಮ ಉದ್ದೇಶವಲ್ಲವೆಂದು ಮುಂದೆ ಅವರು ವಿವರಿಸಿದರಾದರೂ ಪತ್ರಿಕೆಗಳು ಅದನ್ನು ಹಾಗೆ ಓದಲಿಲ್ಲ. ಮಂತ್ರಿಗಳ ಮನೆಯ ಗುಟ್ಟುಗಳು ಒಂದೊಂದಾಗಿ ಬಯಲಾದವು. ಮದುವೆಯ ಹೊರಗೆ ಮಗುವಿದ್ದುದು ತಿಳಿದುಬಂದು ಟಿಮ್ ಯೋ ಎಂಬ ಮಂತ್ರಿ 1994ರ ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಪ್ರಧಾನಿಯ ಗುಟ್ಟು ಮಾತ್ರ ಗುಟ್ಟಾಗಿಯೇ ಇತ್ತು.

2002ರ ಸೆಪ್ಟೆಂಬರಿನಲ್ಲಿ ಕರ್ರಿ ಅವರು ತಮ್ಮ ದಿನಚರಿಯನ್ನು ಪ್ರಕಟಿಸಿದಾಗ ಎಲ್ಲವೂ ಹೊರಬಿದ್ದಿತು. ತಮ್ಮ ಬಾಳಿನಲ್ಲಿ ಅತ್ಯಂತ ನಾಚಿಕೆಪಡುವ ಸಂಗತಿ ಇದೆಂದೂ, ಪತ್ನಿಗೆ ಬಹಳ ಹಿಂದೆಯೇ ತಿಳಿದಿದ್ದು ಅವರು ಕ್ಷಮಿಸಿರುವರೆಂದೂ ಮೇಜರ್ ಅವರು ಹೇಳಿಕೆ ಕೊಟ್ಟರು. ಅಲ್ಲಿಗೆ ಅವರ ಪಾಲಿನ ಕೆಸರನ್ನು ತೊಳೆದಂತಾಯಿತು. 2005ರಲ್ಲಿ ರಾಣಿಯವರಿಂದ ಗಾರ್ಟರ್ ಎಂಬ ಅತ್ಯುನ್ನತ ಬಿರುದೂ ಬಂದಿತು. ಕರ್ರಿ ಅವರ ಪಾಲಿಗೆ ಬಂದುದು ಬೇರೆ. ಆಗ ಹಲವರ ಬಾಯಲ್ಲಿದ್ದುದು ಮೇರಿ ಆರ್ಚರ್ ಅವರ ಮಾತು. ಹಿಂದೆ ಹೇಳಿದ ಮೊಕದ್ದಮೆಯಲ್ಲಿ ನ್ಯಾಯಾಧೀಶರು ಹೊಗಳಿದ ಪತ್ನಿ ಇವರೇ. ಈ ಮಾತನಾಡುವಾಗ ಇವರ ಪತಿ ಸೆರೆಮನೆಯಲ್ಲಿದ್ದರು. ಕರ್ರಿಯವರ ಅವಿವೇಕದಿಂದ ತಮಗೇನೂ ಆಶ್ಚರ್ಯವಾಗಲಿಲ್ಲ, ಮೇಜರರ ಅಭಿರುಚಿ ಕೆಲಕಾಲ ಕೆಟ್ಟುದಕ್ಕೆ ಮಾತ್ರ ಸ್ವಲ್ಪ ಆಶ್ಚರ್ಯವಾಯಿತು ಎಂಬುದು ಆ ಮಾತಿನ ತಾತ್ಪರ್ಯ. ಎರಡು ತಕ್ಕಡಿಗಳನ್ನು ಹಿಡಿದವರು ಗಂಡಸರೇ ಎಂದು ಹೇಳುವಂತಿಲ್ಲ!

ಗುಟ್ಟನ್ನು ಪುಸ್ತಕಮಾಡಿ ಮಾರಿದರು, ಇನ್ನೊಬ್ಬ ಹೆಂಗಸಿನ ನೋವನ್ನು ಎಣಿಸಲಿಲ್ಲ ಎಂದು ಕರ್ರಿ ಅವರನ್ನು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪಣೆಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆದರೆ ಹೇಳಿದ ತಪ್ಪು ಬೇರೆ, ಮಾಡಿದ ತಪ್ಪು ಬೇರೆ. ಹೇಳಿದುದು ಒಬ್ಬರು, ಮಾಡಿದುದು ಇಬ್ಬರು. ಪ್ರಜೆಗಳು ಕೇಳಬೇಕಾಗಿದ್ದ ಪ್ರಶ್ನೆ ನನಗೆ ತೋರುವಂತೆ ಒಂದೇ: ಮಂತ್ರಿಗಳು ಒಬ್ಬರಾದ ಮೇಲೊಬ್ಬರು ಸ್ಥಾನ ಕಳೆದುಕೊಳ್ಳುತ್ತಿದ್ದಾಗ, ಅದೇ ತಪ್ಪನ್ನು ಮಾಡಿದ್ದ ಪ್ರಧಾನಿಯು ಅವರ ರಾಜೀನಾಮೆಗಳನ್ನು ಯಾವ ನೈತಿಕ ಬಲದಿಂದ ಸ್ವೀಕರಿಸಿದರು? ಇದು ಮಲಗುವ ಮನೆಯ ಪ್ರಶ್ನೆಯಲ್ಲ, ರಾಜ್ಯದ ಪ್ರಶ್ನೆ. ಹೆಂಗಸಿನ ಗುಣವನ್ನು ತೂಗುವ ಗಲಾಟೆಯಲ್ಲಿ ಈ ಪ್ರಶ್ನೆಯ ದನಿ ಅಡಗಿಹೋಯಿತು.

ಗಂಡಸರು ಶಿಕ್ಷೆ ಅನುಭವಿಸಿಯೇ ಇಲ್ಲವೆ ಎಂದು ವಾಚಕರು ಕೇಳಬಹುದು. ಅನುಭವಿಸಿದ್ದಾರೆ. ಐರ್ಲೆಂಡಿನ ಮಹಾನಾಯಕ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಅವರ ಕಥೆ ಇತಿಹಾಸದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಗಂಡನಿಂದ ಬಹುಕಾಲ ದೂರವಾಗಿದ್ದ ಕ್ಯಾಥರಿನ್ ಓ'ಶೇ ಅವರೊಡನೆ ಪಾರ್ನೆಲ್ ಅವರು ವರ್ಷಗಟ್ಟಲೆ ಬಾಳುವೆ ನಡೆಸಿದರು. 1890ರ ನವೆಂಬರಿನಲ್ಲಿ ಅವಳ ಗಂಡನಿಗೆ ವಿಚ್ಛೇದನ ದೊರೆತೊಡನೆ ಪಕ್ಷ ಒಡೆಯಿತು. 1891ರ ಜೂನ್ ತಿಂಗಳಲ್ಲಿ ಅವಳನ್ನು ಮದುವೆಯಾದ ಪಾರ್ನೆಲ್ ಅವರು ಅದೇ ಅಕ್ಟೋಬರಿನಲ್ಲಿ ಮರಣ ಹೊಂದಿದರು, ವಯಸ್ಸು 45. ಗಂಡಸು ಬಿದ್ದುದು ನಿಜ. ಆದರೆ ಬಿದ್ದ ಮೇಲೆ ಅವರು ಕವಿಗಳಿಗೂ ದೇಶಭಕ್ತರಿಗೂ ದುರಂತನಾಯಕರಾದರು. ಅವಳಿಗೆ ಮಾತ್ರ, ಆಪ್ತರಾರೂ ಕರೆಯದಿದ್ದ 'ಕಿಟ್ಟಿ' ಎಂಬ ಹೀನಾಯದ ಹೆಸರನ್ನು ವಿರೋಧಿಗಳು ಅಂಟಿಸಿದರು. ನಾಯಕನನ್ನು ಕೆಡಿಸಿದವಳೆಂಬ ಅಪವಾದ ಅವಳಿಗೇ ಉಳಿಯಿತು. ಕೆಸರು ತುಳಿದವನು ಜಾರಿಬಿದ್ದಾಗಲೂ ತಪ್ಪು ಕೆಸರಿನದೇ ಆಯಿತು.

ಹಾಗಾದರೆ ಹೆಂಗಸಿಗೂ ಕೆಸರು ತುಳಿಯುವ ಸ್ವಾತಂತ್ರ್ಯ ಬೇಕೆಂದು ನನ್ನ ವಾದವೆ? ಅಲ್ಲ. ಗಂಡಸನ್ನೂ ಅಷ್ಟೇ ಹೀನಾಯವಾಗಿ ಬಯ್ಯಬೇಕೆಂಬುದೂ ಅಲ್ಲ. ವಿಶ್ವಾಸಭಂಗದಿಂದ ನೊಂದವರು ಆ ಮನೆಯವರು; ಅದನ್ನು ಕ್ಷಮಿಸುವ, ಕ್ಷಮಿಸದಿರುವ ಅಧಿಕಾರ ಅವರದು. ಪ್ರಜೆಗಳಾದ ನಾವು ಕೇಳತಕ್ಕ ಪ್ರಶ್ನೆಗಳು ಬೇರೆ. ಪದವಿಯನ್ನೋ ಸರ್ಕಾರದ ಹಣವನ್ನೋ ಈ ಸಂಬಂಧಕ್ಕಾಗಿ ಬಳಸಿದರೆ? ಕೈಕೆಳಗಿನವರನ್ನು ಬಲವಂತಪಡಿಸಿದರೆ? ಕೋರ್ಟಿನಲ್ಲಿಯೋ ಸಭೆಯಲ್ಲಿಯೋ ಸುಳ್ಳು ಹೇಳಿದರೆ? ಇತರರಿಗೆ ವಿಧಿಸಿದ ನಿಯಮವನ್ನು ತಾವು ಮುರಿದರೆ? ಈ ನಾಲ್ಕು ಪ್ರಶ್ನೆಗಳಲ್ಲಿ ಗಂಡು ಹೆಣ್ಣೆಂಬ ಮಾತೇ ಬರುವುದಿಲ್ಲ. ಅವುಗಳನ್ನು 1987ರಲ್ಲಿ ಸರಿಯಾಗಿ ಕೇಳಿದ್ದರೆ ಹದಿನಾಲ್ಕು ವರ್ಷ ಕಾಯಬೇಕಾಗಿರಲಿಲ್ಲ. ಎರಡು ತಕ್ಕಡಿಯ ನ್ಯಾಯವು ಹೆಂಗಸಿಗೆ ಅನ್ಯಾಯ ಮಾಡುವುದಷ್ಟೇ ಅಲ್ಲ, ಪ್ರಜೆಯ ಕಣ್ಣಿಗೂ ಮಣ್ಣೆರಚುತ್ತದೆ.

ಈ ವಿಚಾರ ದೂರದ ಲಂಡನ್ನಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಡಿರಿ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನೂರಕ್ಕೆ 25ರಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. 1993ರ ಶಾಸನದಿಂದ ಅದು ಮೂರನೆಯ ಒಂದು ಪಾಲಾಯಿತು. 2010ರಲ್ಲಿ ಅರ್ಧ ಪಾಲಾಯಿತು. ಸ್ಥಾನವನ್ನು ಕಾನೂನು ಕೊಟ್ಟಿತು. ಹೆಸರನ್ನು ಕಾಯುವವರು ಯಾರು? ಅಕ್ಷರ ಬಲ್ಲವಳೂ ಲೆಕ್ಕದಲ್ಲಿ ಜಾಣೆಯೂ ಆದ ನನ್ನ ಚಿಕ್ಕಮ್ಮನನ್ನು ನಮ್ಮೂರ ಪಂಚಾಯಿತಿಯ ಸ್ತ್ರೀಮೀಸಲು ಸ್ಥಾನಕ್ಕೆ ನಿಲ್ಲಲು ಕೆಲವರು ಕೇಳಿದ್ದರು. ಮನೆಯವರು ಒಪ್ಪಲಿಲ್ಲ. ಖರ್ಚಿನ ಭಯ ಅವರಿಗಿರಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಬೇಕು, ಹೊತ್ತು ಮುಳುಗಿದ ಮೇಲೆ ಯಾರದೋ ಗಾಡಿಯಲ್ಲಿ ಬರಬೇಕು. ಊರವರು ಏನೆಂದಾರು ಎಂಬುದೇ ಭಯ. ಅವಳು ಏನನ್ನೂ ಮಾಡಿರಲಿಲ್ಲ. ಮುಂದೆ ಯಾರಾದರೂ ಆಡಬಹುದಾದ ಮಾತಿಗೇ ಅವಳ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಅದೇ ವಾರ್ಡಿನಲ್ಲಿ ಗೆದ್ದಾಕೆಯ ಪರವಾಗಿ ಸಭೆಗೆ ಹೋಗುತ್ತಿದ್ದವನು ಅವಳ ಗಂಡ. ಅವನ ನಡತೆಯ ಬಗ್ಗೆ ಊರಿನಲ್ಲಿ ಕಥೆಗಳು ಇಲ್ಲದಿರಲಿಲ್ಲ; ಆದರೆ ಅವು ನಗುವ ಕಥೆಗಳಾಗಿದ್ದವು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಈ ವರ್ಷ ಪದವಿ ಪಡೆದು ಹೊರಡುವ ನಮ್ಮಲ್ಲಿ ಕೆಲವರಾದರೂ ಸಾರ್ವಜನಿಕ ಜೀವನಕ್ಕೆ ಕಾಲಿಡಬಹುದು. ಉಳಿದವರೆಲ್ಲರೂ ಮತದಾರರಂತೂ ಆಗಿಯೇ ಇದ್ದೇವೆ. ಮುಂದಿನ ಸಲ ಒಬ್ಬ ಹೆಂಗಸಿನ ವಿಷಯವಾಗಿ ಮಾತೊಂದು ಕಿವಿಗೆ ಬಿದ್ದಾಗ, ಆ ಮಾತಿನಲ್ಲಿ ಅವಳ ಹೆಸರನ್ನು ತೆಗೆದು ಒಬ್ಬ ಗಂಡಸಿನ ಹೆಸರನ್ನಿಟ್ಟು ನೋಡೋಣ. ಆಗಲೂ ಅದು ಅಷ್ಟೇ ದೊಡ್ಡ ಅಪರಾಧವಾಗಿ ಕಂಡರೆ ಧೈರ್ಯವಾಗಿ ವಿಚಾರಿಸೋಣ. ಆಗ ನಗು ಬಂದರೆ, ತಕ್ಕಡಿಯನ್ನು ಕೆಳಗಿಡೋಣ.